ಮೂರನೇ ಪ್ರೆಸ್ಸಿನ ದಾಖಲೆಗೆ ನಾನು ಹಾಕಿದ ಬೀಗ

ಹೆಸರು, ತಂದೆಯ ಹೆಸರು ಮೊದಲ ಪುಟದಲ್ಲಿ ಬರೆಸಿದ್ದೇನೆ. ಕಾರ್ಖಾನೆಯಲ್ಲಿ ವಿಚಾರಿಸುವುದಾದರೆ ‘ಬೀಗದಕ್ಕ’ ಎಂದರೇ ಗೊತ್ತಾಗುವುದು. ವಯಸ್ಸು 47. ಉದ್ಯೋಗ: ತಗಡಿನ ಡಬ್ಬಿ ಮಾಡುವ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಕಡತಗಳ ಉಸ್ತುವಾರಿ. ವಾಸ: ಕಾರ್ಖಾನೆಯ ಹಿಂದಿನ ರಸ್ತೆ, ಮೂರನೇ ಮಹಡಿ. ಯಾರೂ ಕರೆಸದೆ ನಾನೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ನಮ್ಮ ಕಡತಗಳು ನಾಲ್ಕು ಸರ್ವರ್‌ಗಳಲ್ಲಿ ಹಂಚಿಹೋಗಿವೆ. ಅವನ್ನು ವಾಲ್ಯೂಮ್ ಎಂಬ ಕಟ್ಟುಗಳಾಗಿ ಇಡುತ್ತೇವೆ. ಯಾವ ವಾಲ್ಯೂಮ್ ಯಾವ ಸರ್ವರ್‌ನಲ್ಲಿದೆ ಎಂಬುದಕ್ಕೆ ಒಂದೇ ಪಟ್ಟಿ. ಅದರಲ್ಲಿನ ನಮೂದಿಗೆ ಬೀಗ ಹಾಕಲು ಒಂದು ಸಾಲಿನ ಕಮಾಂಡ್ ಇದೆ. ಹಾಕಿದ ಮೇಲೆ ಆ ವಾಲ್ಯೂಮನ್ನು ಓದಬಹುದು, ಅಳಿಸಲು ಆಗದು. ಆದರೆ ಅಧಿಕಾರ ಇರುವ ಮೂವರಲ್ಲಿ ಯಾರು ಬೇಕಾದರೂ ಬೀಗ ತೆಗೆಯಬಹುದು: ನಾನು, ಮ್ಯಾನೇಜರ್, ಮತ್ತು ನನ್ನ ಜೊತೆಗೆ ಕೆಲಸ ಮಾಡುವ, ನಿವೃತ್ತಿಗೆ ಎರಡು ವರ್ಷ ಇರುವ ‘ತಾತ’. ಆದ್ದರಿಂದ ಹಾಕಿದವರು ಬೋರ್ಡಿನ ಮೇಲೆ ಬರೆಯುವುದು, ಅವರೇ ತೆಗೆಯುವುದು ನಮ್ಮ ಪದ್ಧತಿ.

12ನೇ ತಾರೀಕು ಮಂಗಳವಾರ ಬೆಳಿಗ್ಗೆ 11.20ಕ್ಕೆ, ತಗಡು ಒತ್ತುವ ಮೂರನೇ ಪ್ರೆಸ್ಸಿಗೆ ಸಿಕ್ಕಿ ಆಪರೇಟರ್‌ರವರ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಅವರು ಅಲ್ಲಿ ಮೂವತ್ತೊಂದು ವರ್ಷದಿಂದ ಇದ್ದಾರೆ. ಸಿಕ್ಕವರ ಕಾಲೆಳೆಯುವ ಸ್ವಭಾವದಿಂದಾಗಿ ಇಡೀ ಕಾರ್ಖಾನೆಗೆ ಭಾವ. ನನ್ನ ಕೋಣೆ ಅಲ್ಲಿಂದ ನಲವತ್ತು ಹೆಜ್ಜೆ. ಕೂಗು ನನಗೂ ಕೇಳಿಸಿತು.

13ನೇ ತಾರೀಕು ಬುಧವಾರ ಸಂಜೆ 4.10ಕ್ಕೆ ಮ್ಯಾನೇಜರ್ ನನ್ನ ಮೇಜಿನ ಬಳಿ ಬಂದು, ಭಾವ ಮೈಮರೆತು ಕೈ ಹಾಕಿದ್ದಾರೆ, ಆ ವಿಷಯ ಮುಗಿಯಿತು, ನಾಳೆ ಹಳೆಯ ವಾಲ್ಯೂಮ್‌ಗಳನ್ನು ಅಳಿಸುತ್ತೇವೆ ಎಂದು ಹೇಳಿ ಒಂದು ಚೀಟಿ ಕೊಟ್ಟರು. ಆರನೇ ಸಾಲಿನಲ್ಲಿ ಮೂರನೇ ಪ್ರೆಸ್ಸಿನ ವಾಲ್ಯೂಮ್ ಇತ್ತು. ಅದು ಹಳೆಯದಲ್ಲ.

ನಾನು ಅದನ್ನು ತೆರೆದು ನೋಡಿದೆ. ಪ್ರೆಸ್ಸಿನ ಮುಂದಿನ ಜಾಲರಿ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಪ್ರತಿ ಸೆಕೆಂಡು ಅಲ್ಲಿ ದಾಖಲಾಗುತ್ತದೆ. ಬಾಗಿಲು ತೆರೆದಿದ್ದಾಗ ಪ್ರೆಸ್ ಇಳಿಯಬಾರದು. ತಗಡು ಇಡಲು ದಿನಕ್ಕೆ ನಾನೂರು ಸಲವಾದರೂ ಅದನ್ನು ತೆರೆಯಲೇಬೇಕು. ಆದರೆ 4ನೇ ತಾರೀಕು ಮಧ್ಯಾಹ್ನ 2.05ರಿಂದ ಅಪಘಾತದವರೆಗೆ ಅದು ಒಂದು ಸಲವೂ ತೆರೆದಿಲ್ಲ ಎಂದಿತ್ತು. ಅಂದರೆ ಬಾಗಿಲು ತೆರೆದಿದ್ದರೂ ಪ್ರೆಸ್ ಇಳಿಯುವಂತೆ ಯಾರೋ ಬಾಗಿಲ ಸೆನ್ಸರ್ ತಪ್ಪಿಸಿ ವೈರುಗಳನ್ನು ನೇರವಾಗಿ ಜೋಡಿಸಿದ್ದಾರೆ. ಯಾರೆಂದು ನನಗೆ ಗೊತ್ತಿಲ್ಲ, ಊಹೆ ಬರೆಸುವುದಿಲ್ಲ. ನನ್ನ ಮೈ ಉರಿದುಹೋಯಿತು ಎಂಬುದನ್ನು ಬರೆಸುತ್ತೇನೆ. 4.35ಕ್ಕೆ ಬೀಗ ಹಾಕಿ ಬೋರ್ಡಿನಲ್ಲಿ ಬರೆದೆ.

ಸಂಜೆ 7.00ಕ್ಕೆ ಆಸ್ಪತ್ರೆಗೆ ಹೋದೆ. ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ಕಾಲನ್ನು ಪ್ರೆಸ್ ಇಳಿಸುವ ಪೆಡಲಿಗೆ ತಾಗಿಸಿಬಿಟ್ಟೆ, ಎಲ್ಲ ನನ್ನದೇ ತಪ್ಪು ಎಂದು ಭಾವ ಹೇಳಿದರು. ಮ್ಯಾನೇಜರ್ ಅಂದು ಮಧ್ಯಾಹ್ನ ಮೂರು ಗಂಟೆಗೇ ಬಂದು ಹಾಗೆಂದೇ ಬರೆದ ಕಾಗದಕ್ಕೆ ಅವರ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು. ಅವರ ಹೆಂಡತಿ ಒದ್ದೆ ಬಟ್ಟೆಯಿಂದ ಆ ಬೆರಳಿನ ಶಾಯಿ ಉಜ್ಜುತ್ತಿದ್ದರು. ಹೇಳಿದ ಮೇಲೆ ದಾಖಲೆ ಕೈತಪ್ಪಿದರೆ ಏನು ಗತಿ ಎಂಬ ಅಂಜಿಕೆಯಿಂದ ನಾನು ಅದರ ವಿಷಯ ಹೇಳದೆ ಬಂದೆ.

ಇಂದು 14ನೇ ತಾರೀಕು ಗುರುವಾರ ಬೆಳಿಗ್ಗೆ 8.30ಕ್ಕೆ ತಾತ ಕೆಲಸಕ್ಕೆ ಬಂದರು. ರಾತ್ರಿ ಓಡುವ ಬ್ಯಾಕಪ್‌ಗಳೂ ತಾವಾಗಿಯೇ ಬೀಗ ಹಾಕುತ್ತವೆ, ಅರ್ಧಕ್ಕೆ ನಿಂತರೆ ಅವನ್ನು ಹಾಗೇ ಬಿಟ್ಟಿರುತ್ತವೆ; ಬಂದ ಕೂಡಲೇ ಎಲ್ಲವನ್ನೂ ಒಟ್ಟಿಗೆ ತೆಗೆಯುವುದು ತಾತನ ರೂಢಿ. ನಮ್ಮ ಬೋರ್ಡು ಬಾಗಿಲ ಹಿಂದಿನ ಗೋಡೆಯಲ್ಲಿದೆ, ಬಾಗಿಲು ತೆರೆದಿಟ್ಟರೆ ಕಾಣುವುದಿಲ್ಲ. ನಾನು 8.42ಕ್ಕೆ ಬಂದು ನೋಡಿದರೆ ಬೀಗ ಇರಲಿಲ್ಲ. 8.44ಕ್ಕೆ ಮತ್ತೆ ಹಾಕಿದೆ. 8.46ಕ್ಕೆ ಮ್ಯಾನೇಜರ್ ತಮ್ಮ ಕೋಣೆಯಿಂದ ಕೊಟ್ಟ ಅಳಿಸುವ ಕಮಾಂಡ್, ನಮೂದಿಗೆ ಬೀಗ ಇದೆ ಎಂಬ ಉತ್ತರದೊಂದಿಗೆ ವಾಪಸಾಯಿತು.

8.50ಕ್ಕೆ ಅವರು ಖುದ್ದಾಗಿ ಬಂದು “ಯಾರ್ರೀ ಬೀಗ ಹಾಕಿದ್ದು?” ಎಂದರು. ನಾನೇ ಎಂದೆ. ಈಗಲೇ ತೆಗೆಯಬೇಕು, ಇಲ್ಲವಾದರೆ ಮನೆಗೆ ಹೋಗಬಹುದು ಎಂದರು. ಲಿಖಿತ ಆದೇಶ ಕೊಡಿ ಎಂದೆ. ತೆಗೆಯುವುದು ತಮಗೂ ಬರುತ್ತದೆ ಎಂದು ಹೇಳಿ ತಮ್ಮ ಕೋಣೆಯತ್ತ ನಡೆದರು. ಆ ಕೋಣೆ ಅರವತ್ತು ಹೆಜ್ಜೆ. ಅವರು ತಲುಪುವುದರೊಳಗೆ ಅಧಿಕಾರ ಇರುವವರ ಪಟ್ಟಿಯಿಂದ ಅವರ ಹೆಸರು ತೆಗೆದೆ. ಆ ಪಟ್ಟಿ ಬದಲಿಸುವ ಪಾಸ್‌ವರ್ಡ್ ನನ್ನೊಬ್ಬಳ ಬಳಿ ಇದೆ. ಆಗ ತಾತ, “ನಂದೂ ತೆಗ್ದುಬಿಡಮ್ಮಾ, ನನ್ನ ಕೈ ಸುಮ್ನಿರಲ್ಲ, ನಾಳೆ ಬೆಳಿಗ್ಗೆ ಮತ್ತೆ ಅದೇ ಮಾಡ್ತೀನಿ” ಎಂದರು. ಅವರದನ್ನೂ ತೆಗೆದೆ.

10.05ಕ್ಕೆ ಠಾಣೆಗೆ ಬಂದೆ. ನಾನು ಕಂಪನಿಯ ದಾಖಲೆ ಹಿಡಿದಿಟ್ಟುಕೊಂಡಿದ್ದೇನೆ ಎಂದು ಮ್ಯಾನೇಜರ್ 10.40ಕ್ಕೆ ಇಲ್ಲಿಗೆ ಫೋನ್ ಮಾಡಿದ್ದಾಗಿ ಸಬ್ ಇನ್‌ಸ್ಪೆಕ್ಟರ್ ತಿಳಿಸಿದರು. ಹಿಡಿದಿಟ್ಟುಕೊಂಡಿರುವುದು ನಿಜ. ಅವರ ಹೆಸರು ತೆಗೆಯಲು ನನಗೆ ಯಾರ ಅನುಮತಿಯೂ ಇರಲಿಲ್ಲ, ತಿಳಿದೇ ಮಾಡಿದ್ದೇನೆ. ಪೊಲೀಸರು ನನ್ನ ಜೊತೆ ಬಂದು, ಸಾಕ್ಷಿಗಳ ಎದುರು ಆ ವಾಲ್ಯೂಮಿನ ನಕಲು ತೆಗೆದುಕೊಳ್ಳುವವರೆಗೆ ಬೀಗ ತೆಗೆಯುವುದಿಲ್ಲ. ಪಾಸ್‌ವರ್ಡನ್ನು ಠಾಣೆಗೂ ಬರೆದುಕೊಡುವುದಿಲ್ಲ. ಆಮೇಲೆ ನನ್ನ ಮೇಲೆ ಯಾವ ಕೇಸು ಹಾಕಿದರೂ ಸರಿ.

ಈ ಹೇಳಿಕೆಯ ಒಂದು ಪ್ರತಿ ನನಗೆ ಕೊಡಬೇಕು. ಆಸ್ಪತ್ರೆಗೆ ಒಯ್ದು ಭಾವನಿಗೆ ಓದಿ ಹೇಳಬೇಕು. ತಪ್ಪು ನಿಮ್ಮದಲ್ಲ ಎಂದು ಇದುವರೆಗೆ ಅವರಿಗೆ ಯಾರೂ ಹೇಳಿಲ್ಲ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ಸತ್ಯ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: 14, ಗುರುವಾರ, ಬೆಳಿಗ್ಗೆ 11.40
ಸಹಿ