ನಾಸ್ತಿಕಗ ಸಿಕ್ಕ ಶನಿವಾರ

...ಭಕ್ತಿ ಅಂದ್ರಿ? ನಿಮ್ಮಜ್ಜಿ ಹೇಳಿದ್ಲೇನು? ಅಕಿಗೆ ಏನ ಗೊತ್ತು, ಆಗ ಅಕಿ ಇನ್ನೂ ಲಗ್ನಾಗಿ ಬಂದಿದ್ದಿಲ್ಲ. ಆರು ಶನಿವಾರ ನಾ ಉಪಾಸ ಮಾಡೀನಿ, ಖರೆ. ಭಕ್ತಿಗೂ ಅದಕ್ಕೂ ಸಂಬಂಧಿಲ್ಲ. ಯುದ್ಧದ ಕಾಲ ಅದು, ಪುಣೆಯೊಳಗ ರೇಶನ್ ಬಂದು ಸ್ವಲ್ಪ ದಿನಾ ಆಗಿತ್ತು. ಬರ್ಮಾದ ಅಕ್ಕಿ ಜಪಾನಿನವರ ಕೈಯಾಗ, ಬಂಗಾಲದಾಗ ಬಿರುಗಾಳಿ ಗದ್ದಿ ನುಂಗಿತ್ತು, ನಮ್ಮ ವಿಜಾಪುರದ ಕಡೆ ಮಳಿ ಮಾರಿ ತೋರಿಸಿದ್ದಿಲ್ಲ. ಮೂರು ಮೂಲ್ಯಾಗಿನ ಮೂರು ಕೇಡು, ನೋಡ್ರಿ, ಕೂಡಿ ಬಂದು ಶಿವಾಜಿನಗರದಾಗ ನಮ್ಮ ತಾಟಿನ್ಯಾಗ ಕೂತಿದ್ವು. ಪೇಪರಿನವರು ಅದಕ್ಕ ಜಾಗತಿಕ ಪರಿಸ್ಥಿತಿ ಅಂತಿದ್ರು. ನಮ್ಮವ್ವ, "ರೊಟ್ಟಿ ಸಣ್ಣು ಬಡೀಲೇನು?" ಅಂತಿದ್ಲು.

ಅಂಥಾದ್ರಾಗ ನಮ್ಮಕ್ಕ ಅಂಬಕ್ಕ ಬಂದ್ಲು. ಏಳು ತಿಂಗಳ ಬಸುರಿ. ಅಲ್ಲಲ್ಲ, ಏಳು ತುಂಬಿ ಎಂಟು ನಡದಿತ್ತು. ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕಲ್ಲ. ಅಕಿ ಬಂದ್ಲು, ಅಕಿ ರೇಶನ್ ಕಾರ್ಡ್ ಬರಲಿಲ್ಲ. ಅದು ವಿಜಾಪುರದಾಗ ಗಂಡನ ಮನ್ಯಾಗ. ನಮ್ಮಪ್ಪ ಸರಕಾರಿ ಕಾರಕೂನ, ರೇಶನ್ ಆಫೀಸಿನವನೂ ಕಾರಕೂನ, ಅದಕ್ಕ ಅಪ್ಪಗ ಭಾಳ ಧೈರ್ಯ.

"ಸಾಹೇಬ, ಮಗಳು ಬಸುರಿ ಇದ್ದಾಳ."

"ಅಲ್ಲೆ ಹೆಸರು ಕಡಿಸಿದ ಚೀಟಿ ತರ್ರಿ."

"ಎಂಟ್ರಾಗ ಅದಾಳ್ರಿ."

"ಬಸುರಿ ಅನ್ನೋ ಕಾಲಂ ಇಲ್ರಿ ಇದ್ರಾಗ." ಅಂವ ಮರಾಠಿಯೊಳಗ ಅಂದ, ಕನ್ನಡದಾಗ ಅಂದಿದ್ರೂ ಅಷ್ಟ ಕಲ್ಲು.

ವಿಜಾಪುರಕ್ಕ ಕಾಗದ ಬರದ್ವಿ. ಅಕ್ಕನ ಅತ್ತಿ ಬರಸಿದ್ಲು: "ಆ ಕಾರ್ಡಿನ ಮ್ಯಾಲ ಇಲ್ಲೆ ಆರು ಮಂದಿ ಉಣ್ತೀವಿ. ಹೆಸರು ಕಡಸಿದ್ರ ಯಾರು ಉಣ್ಣೂದು ಬಿಡಬೇಕು, ನೀವ ಹೇಳ್ರಿ." ಸುಳ್ಳಿರಲಿಲ್ಲ. ಅಕಿನ್ನ ಹಿಂದ ಕಳಸೂಹಂಗಿಲ್ಲ, ಅಲ್ಲಿ ಬರಗಾಲ. ಇಲ್ಲೆ ಉಣಸೂಹಂಗಿಲ್ಲ, ಮೂರು ಮಂದಿ ಜ್ವಾಳ, ನಾಲ್ಕು ಮಂದಿ, ಒಳಗಿಂದು ಐದನೇದು. ಏನು, ಕಾಳಸಂತಿ ಇದ್ದಿದ್ದಿಲ್ಲೇನು? ಇತ್ತಪ್ಪ. ಅಪ್ಪನ ಪಗಾರ ಅಲ್ಲಿ ತನಕ ಹೋಗತಿದ್ದಿಲ್ಲ.

ಆಗ ಅವ್ವ ಸೋಮವಾರ ಹಿಡದ್ಲು. ಆಮ್ಯಾಲೆ ಗುರುವಾರ. ಮಂದಿ ಲಗ್ನ ಬಿಟ್ರ ಗುಡಿ ಕಡೆ ಹಾಯದ ಅಪ್ಪ ಮಂಗಳವಾರ ಹಿಡದಾ, ಮ್ಯಾಲೆ ಏಕಾದಶಿ. ಪುಣೆಯೊಳಗ ಉಪಾಸ ಅಂದ್ರ ನಿಮಗ ಗೊತ್ತದ, ಸಾಬೂದಾಣಿ ಖಿಚಡಿ, ದಿನದಕಿಂತ ಜಾಸ್ತಿ ಊಟ. ಆದ್ರ ಆಗ ಸಾಬೂದಾಣಿ ಹಡಗಿನ್ಯಾಗ ಮಲಾಯಾದಿಂದ ಬರ್ತಿತ್ತು, ಹಡಗ ನಿಂತ್ವು. ಹಿಂಗಾಗಿ ಉಪಾಸ ಖರೇನ ಉಪಾಸ ಆತು. ಅಕ್ಕ ಕೇಳಿದ್ಲು, "ಯಾಕವ್ವಾ ಇಷ್ಟು ವ್ರತ?" ಅವ್ವ ಅಂದ್ಲು, "ನಿನ್ನ ಹೆರಿಗಿ ಸುಸೂತ್ರ ಆಗ್ಲಿ ಅಂತ ಬೇಡಕೊಂಡೀನಿ. ನಡಕ ಬಿಡಬಾರದು." ಅಕ್ಕ ದೇವರಂದ್ರ ಗಪ್ಪ. ಉಂಡ್ಲು.

ಉಳದಾಂವ ನಾನು. ಬಿ.ಎ., ತತ್ತ್ವಶಾಸ್ತ್ರ. ದೇವರು ಇಲ್ಲ, ಹೊಟ್ಟಿ ಒಣಗಿಸಿದ್ರ ಏನೂ ಸಿಗಂಗಿಲ್ಲ ಅಂತ ವರ್ಷಾನುಗಟ್ಟಲೆ ಮನ್ಯಾಗ ಭಾಷಣ ಮಾಡಿದ್ದೆ. ಈಗ ನಾ ಊಟ ಬಿಟ್ರ ಅದು ವ್ರತ ಅಲ್ಲ, ಕೊರತಿ ಅಂತ ಅಕ್ಕಗ ತಿಳೀತದ, ತಾನೂ ತಾಟು ಸರಸ್ತಾಳ. ಒಂದಿನ, "ಗೆಳ್ಯಾನ ಮನ್ಯಾಗ ಉಂಡು ಬಂದೀನಿ" ಅಂದೆ.

"ಈಗಿನ ಕಾಲದಾಗ ಊಟಕ್ಕ ಕರಿಯೋ ಆ ಪುಣ್ಯಾತ್ಮ ಯಾರೋ? ನನ್ನೂ ಕರಕೊಂಡು ಹೋಗು!" ಅಂದು ತನ್ನ ರೊಟ್ಟಿ ಅರ್ಧ ಮುರದು ನನ್ನ ಮುಂದ ಇಟ್ಲು. "ನೀ ತಿನ್ನೂ ತನಕ ನಾ ತಿನ್ನಂಗಿಲ್ಲ." ತಿಂದೆ. ಏನ ಮಾಡ್ಲಿ? ಉಪಾಸ ಇದ್ದ ಅವ್ವ ಬಡಿಸ್ತಿದ್ಲು, ನಾ ಕೂತು ತಿಂತಿದ್ದೆ, ವಾರದಾಗ ಎರಡು ದಿನಾ. ಜೇಲಿನ್ಯಾಗರ ಊಟ ಇಷ್ಟು ಕಹಿ ಇರಂಗಿಲ್ಲ.

ಒಂದು ಗುರುವಾರ ಅವ್ವ ನಳದ ಹತ್ರ ಕೊಡಾ ಸಮೇತ ಬಿದ್ಲು. ಎಬ್ಬಿಸಿ ಕೂಡಿಸಿ, ಅಕ್ಕಗ ಕೇಳದಂಗ ಕೇಳಿದೆ, "ಅವ್ವಾ, ಯಾವ ದೇವರು ಖಾಲಿ ಇದ್ದಾನ?"

ಅವ್ವ ನಗಲಿಲ್ಲ. ಬೆರಳ ಮಡಚಿ ನೋಡಿದ್ಲು. "ಶನಿವಾರ ಹಣಮಪ್ಪ ಇದ್ದಾನ."

"ನಾ ಶನಿವಾರ ಹಿಡೀತೀನಿ. ನೀ ಗುರುವಾರ ಬಿಡಬೇಕು."

"ಅಂಬಕ್ಕ ನಂಬಬೇಕಲ್ಲೋ?"

ನಂಬಸಬೇಕಲ್ಲ, ಎಣ್ಣಿ ಬಟ್ಟಲ ಹಿಡಕೊಂಡು ಹಗಲಹೊತ್ತಿನ್ಯಾಗ ಮಾರುತಿ ಗುಡಿಗೆ ಹೋದೆ. ಕಾಲೇಜಿನ ಗೆಳೆಯಾ ಅಲ್ಲೇ ಸಿಗಬೇಕೇ, "ಏನಪಾ ತತ್ತ್ವಜ್ಞಾನೀ, ಪರೀಕ್ಷಾ ಅದ ಏನು?" ಅಂತ ಹಲ್ಲ ಕಿಸದ. ಹಣಿ ತುಂಬ ಶೇಂದೂರ ಬಳಕೊಂಡು ಮನಿಗೆ ಬಂದೆ. ಅಕ್ಕ ನೋಡಿದ್ಲು, ಕಣ್ಣಾಗ ನೀರು ತಂದ್ಲು. "ಅಂತೂ ದಾರಿಗೆ ಬಂದ್ಯಲ್ಲೋ! ನಿನಗ ಬುದ್ಧಿ ಬಂದ್ರ ಒಂಬತ್ತು ಶನಿವಾರ ಹನಿ ನೀರೂ ಕುಡಿಯಂಗಿಲ್ಲ ಅಂತ ಹರಕಿ ಹೊತ್ತಿದ್ದೆ. ಇವತ್ತಿನಿಂದನ ಶುರು."

ಈಗ ನಾ ಏನ ಅನ್ನಲಿ? ದೇವರಿಲ್ಲ ಅನ್ನಲಿ? ಅಂದ್ರ ಎಲ್ಲಾ ಬಯಲು. ಇದ್ದಾನ ಅನ್ನಲಿ? ಅಂದ್ರ ಬಸುರಿ ಉಪಾಸ. ನಾಲ್ಕು ವರ್ಷದ ತರ್ಕಶಾಸ್ತ್ರದಾಗ ಮೂರನೇ ಉತ್ತರ ಕಲಿಸಿದ್ದಿಲ್ಲ.

ಅವ್ವ ಒಲಿ ಮುಂದಿಂದ ಎದ್ದು ಸುದ್ದಾ ನೋಡಲಿಲ್ಲ. "ಬಸುರ್ಯಾಗಿನ ಹರಕಿ ಹಡದು ವರ್ಷ ತುಂಬಿದ ಮ್ಯಾಲೆ ತೀರಸಬೇಕು. ಅದಕಿಂತ ಮೊದಲ ತೀರಸಿದ್ರ ಹಣಮಪ್ಪಗ ಸಿಟ್ಟು. ಇಷ್ಟೂ ಹೇಳಲಿಲ್ಲೇನು ನಿಮ್ಮತ್ತಿ? ಬಾ, ಬಿಸೀದು ಅದ, ಉಣ್ಣು."

ಆ ಶಾಸ್ತ್ರ ಯಾವ ಪುಸ್ತಕದಾಗೂ ಇಲ್ಲ, ನಾ ಆಮ್ಯಾಲೆ ಹುಡಕೀನಿ. ಅಕ್ಕ ಉಂಡ್ಲು, ನನ್ನ ಆರನೇ ಶನಿವಾರ ಆದ ಮರುದಿನ ಹಡದ್ಲು. ಹೆಣ್ಣು, ಸಣ್ಣದು, ಆದ್ರ ನಾವು ಬಾಡಿಗಿಗಿದ್ದ ಇಡೀ ವಾಡೆ ಏಳೂಹಂಗ ಅತ್ತಿತು. ಅದಕ್ಕ ಹೇಳ್ತೀನಿ, ಮನ್ಯಾಗ ಯಾರರ ನನಗ ಇವತ್ತು ಊಟ ಬ್ಯಾಡ ಅಂದ್ರ, ಅವರ ಕಾಲಿಗೆ ಬೀಳಬ್ಯಾಡ್ರಿ. ಮೊದಲ ಹಿಟ್ಟಿನ ಡಬ್ಬಿ ತಗದು ನೋಡ್ರಿ.