ಕೈ ಹಿಂದೆ ಕಟ್ಟಿಕೊಂಡಿದ್ದ ಮಗು

ನಮ್ಮ ವಿಮಾನ ಸಂಸ್ಥೆಯ ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ನನ್ನೊಡನೆ ಹಾರಿದ ಗೆಳೆಯರೇ, ನನ್ನ ದೆಸೆಯಿಂದ ತಡವಾಗಿ ಮನೆ ಸೇರಿ ಬೈಸಿಕೊಂಡವರೇ, ಮುಂದಿನ ಸಾಲಿನಲ್ಲಿ ಕಾಲಾಡಿಸುತ್ತ ಕುಳಿತಿರುವ ನಮ್ಮ ಸಿಬ್ಬಂದಿಯ ಮಕ್ಕಳೇ ಮತ್ತು ಸಮಸ್ತ ಸಭಿಕರೇ,

ವಿಮಾನದಲ್ಲಿ ನನ್ನ ಮಾತು ಎಂದೂ ಎರಡು ನಿಮಿಷ ಮೀರಿದ್ದಿಲ್ಲ. ಅದನ್ನೂ ಯಾರೂ ಕೇಳಿಸಿಕೊಂಡಿದ್ದಿಲ್ಲ. ಇಂದು ಮಾತ್ರ ನಿಮಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಊಟವನ್ನು ನನ್ನ ಭಾಷಣದ ನಂತರಕ್ಕೆ ಇಟ್ಟಿದ್ದಾರೆ.

ಈಗಷ್ಟೇ ಓದಿದ ಸನ್ಮಾನಪತ್ರದಲ್ಲಿ ಒಂದು ಸಾಲಿದೆ: 'ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಒಂದೇ ಒಂದು ತಪ್ಪೂ ಇಲ್ಲ.' ಚೆನ್ನಾಗಿದೆ. ನನ್ನ ಹೆಂಡತಿ ಆ ಸಾಲಿಗೆ ಕೆಮ್ಮಿದ್ದು ನಿಮಗೂ ಕೇಳಿಸಿರಬೇಕು. ನಾನು ಸುಮ್ಮನೆ ವಂದನೆ ಹೇಳಿ ಕೂತುಬಿಡಬಹುದಿತ್ತು. ಆದರೆ ಆ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿದೆ.

ಸ್ವಲ್ಪ ಸುತ್ತು ಹಾಕಿ ಬರುತ್ತೇನೆ, ಸಹಿಸಿಕೊಳ್ಳಿ. ನನ್ನ ಅಪ್ಪ ರೋಡ್ ರೋಲರ್ ಓಡಿಸುತ್ತಿದ್ದ. ನಡೆದು ಹೋಗುವವರೂ ಹಿಂದೆ ಹಾಕಿ ಹೋಗುವಂಥ ಗಾಡಿ. ಮಗ ವಿಮಾನ ಹಾರಿಸಿದ್ದು ಆ ಬೇಸರಕ್ಕೇ ಎಂದು ಸೋದರಮಾವ ತಮಾಷೆ ಮಾಡುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅಪ್ಪ ಎಂಜಿನ್ ಆರಿಸಿ, ಬೀದಿಯ ಮಕ್ಕಳನ್ನೆಲ್ಲ ಸರದಿಯ ಮೇಲೆ ತನ್ನ ಸೀಟಿನಲ್ಲಿ ಕೂರಿಸುತ್ತಿದ್ದ. ಮಕ್ಕಳು ಇಳಿದ ಮೇಲೆ ರೋಲರಿನ ಸುತ್ತ ಒಂದು ಪೂರ್ತಿ ಸುತ್ತು ನಡೆದು, ಬಗ್ಗಿ ಚಕ್ರದ ಕೆಳಗೆಲ್ಲ ನೋಡಿ, ಆಮೇಲೆಯೇ ಎಂಜಿನ್ ಶುರು ಮಾಡುತ್ತಿದ್ದ.

"ಎಲ್ರೂ ಇಳಿದ್ರಲ್ಲಪ್ಪ, ನಾನೇ ಎಣಿಸಿದೀನಿ" ಎಂದರೆ, "ನೀನು ಎಣಿಸಿದ್ದು ಸರಿ ಕಣೋ. ನೋಡಬೇಕಾದೋನು ನಾನು" ಎನ್ನುತ್ತಿದ್ದ.

ನಮ್ಮ ಕಾಕ್‌ಪಿಟ್ಟಿನಲ್ಲೂ ಅಂಥದ್ದೇ ಒಂದು ಪದ್ಧತಿಯಿದೆ. ಹೊರಡುವ ಮುಂಚೆ ಓದಿ ಪರೀಕ್ಷಿಸಬೇಕಾದ ಒಂದು ಪಟ್ಟಿ ಇರುತ್ತದೆ. ಮಧ್ಯೆ ಯಾರಾದರೂ ಬಂದು ಓದು ನಿಂತರೆ, ನಿಂತಲ್ಲಿಂದ ಮುಂದುವರಿಸುವಂತಿಲ್ಲ, ಮತ್ತೆ ಮೊದಲ ಸಾಲಿನಿಂದ ಓದಬೇಕು. ಎಷ್ಟು ಸುಲಭ, ಅಲ್ಲವೇ?

ನಾನು ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ. ಸಹ ಪೈಲಟ್. ಆಗೆಲ್ಲ ವಿಮಾನ ನಿಂತಿರುವಾಗ ಮಕ್ಕಳು ಕಾಕ್‌ಪಿಟ್ ನೋಡಲು ಬರಬಹುದಿತ್ತು. ಕ್ಯಾಪ್ಟನ್ ವಿಮಾನದ ಸುತ್ತ ನೋಡಿ ಬರಲು ಕೆಳಗಿಳಿದಿದ್ದರು. ನಾನು ಪಟ್ಟಿಯ ಏಳನೆಯ ಸಾಲಿನಲ್ಲಿದ್ದೆ. ಆಗ ಬಾಗಿಲಲ್ಲಿ ಒಂದು ಹುಡುಗಿ ಬಂದು ನಿಂತಳು. ಏಳು ವರ್ಷ ಇರಬಹುದು, ಎರಡು ಜಡೆ, ಒಂದರ ರಿಬ್ಬನ್ ಬಿಚ್ಚಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ಯಾಕೆ ಪುಟ್ಟಿ, ಕೈ ನೋವಾ?"

"ಇಲ್ಲ ಅಂಕಲ್. ಏನೂ ಮುಟ್ಟಬಾರದು ಅಂತ ಅಮ್ಮ ಹೇಳಿದಾರೆ."

ರೇಡಿಯೊ ಗಿಜಿಗಿಜಿ ಅನ್ನುತ್ತಿತ್ತು. ಅವಳ ಪ್ರಶ್ನೆಗಳು ಸರಿಯಾಗಿ ಕೇಳಿಸಲೆಂದು ನಾನೇ ಅದರ ಸದ್ದು ಕಡಿಮೆ ಮಾಡಿದೆ. ಮೋಡದೊಳಗೆ ಹೋದರೆ ಒದ್ದೆ ಆಗುತ್ತೇವಾ ಎಂದು ಕೇಳಿದಳು. ಹಕ್ಕಿಗಳು ನಮಗೆ ದಾರಿ ಬಿಡುತ್ತವಾ ಎಂದು ಕೇಳಿದಳು. ಹತ್ತು ನಿಮಿಷ ನಾನು ದೊಡ್ಡ ಮನುಷ್ಯನಾಗಿಬಿಟ್ಟೆ. ಅವಳು ಹೋದಳು. ನಾನು ಎಂಟನೆಯ ಸಾಲಿನಿಂದ ಓದಿದೆ. ರೇಡಿಯೊದ ಸದ್ದು ನೋಡುವ ಸಾಲು ಮೂರನೆಯದು.

ಕ್ಯಾಪ್ಟನ್ ಮರಳಿ ಬಂದು ಕೂತರು. ಹೊರಡಲು ಅನುಮತಿ ಕೊಡುವ ಟವರಿನವರು ನಾಲ್ಕು ಸಲ ಕರೆದರಂತೆ. ನಮಗೆ ಕೇಳಿಸಲೇ ಇಲ್ಲ. ಕೊನೆಗೆ ಕೆಳಗಿದ್ದ ಮೆಕ್ಯಾನಿಕ್ ತನ್ನ ಕಿವಿ ಮುಟ್ಟಿ ತೋರಿಸುತ್ತ ಕುಣಿದಾಡಿದ. ಅಷ್ಟರಲ್ಲಿ ನಮ್ಮ ಸರದಿ ಹೋಗಿತ್ತು. ಮುಕ್ಕಾಲು ಗಂಟೆ ತಡ. ಕ್ಯಾಪ್ಟನ್ ರೇಡಿಯೊ ನೋಡಿದರು, ನನ್ನನ್ನು ನೋಡಿದರು. ನಾನು ಏನೆಂದೆ ಗೊತ್ತೇ?

"ಮಗು ಮುಟ್ಟಿರಬೇಕು ಸಾರ್."

ಕೇಳಿ ಬರಲು ಆಗ ಹೊಸದಾಗಿ ಸೇರಿದ್ದ ಗಗನಸಖಿಯನ್ನು ಕಳಿಸಿದರು. ಆಕೆ ಬಂದು, "ಮುಟ್ಟಿಲ್ಲ ಅಂತ ಅಳ್ತಾ ಇದೆ ಸಾರ್. ಅವರಮ್ಮ ಬೇರೆ ಬೈತಾ ಇದಾರೆ" ಎಂದಳು.

"ಮಕ್ಕಳು ಹಾಗೇ ಹೇಳ್ತವೆ" ಎಂದೆ ನಾನು.

ಆ ಮಾತು ವರದಿಗೆ ಹೋಯಿತು. ಮುಂದಿನ ತಿಂಗಳೇ ಆದೇಶ ಬಂತು: ಮಕ್ಕಳಿಗೆ ಕಾಕ್‌ಪಿಟ್ ಪ್ರವೇಶವಿಲ್ಲ. ಇಪ್ಪತ್ತೇಳು ವರ್ಷವಾಯಿತು. ನಾನು ಕ್ಯಾಪ್ಟನ್ ಆದೆ, ಶಿಸ್ತಿನ ಮನುಷ್ಯ ಅನ್ನಿಸಿಕೊಂಡೆ. ಪಟ್ಟಿಯನ್ನು ಎರಡೆರಡು ಸಲ ಓದುತ್ತೇನೆಂದು ಕಿರಿಯರು ಬೆನ್ನ ಹಿಂದೆ ನನ್ನನ್ನು 'ಪಾರಾಯಣ' ಎಂದು ಕರೆಯುತ್ತಾರೆ. ಗೊತ್ತು ಕಣ್ರಪ್ಪಾ, ಎಲ್ಲ ಗೊತ್ತು. ಯಾಕೆ ಓದುತ್ತೇನೆಂಬುದು ಇಂದು ನಿಮಗೂ ಗೊತ್ತಾಯಿತು.

ಅಂದು ಹೊಸಬಳಾಗಿದ್ದ ಗಗನಸಖಿಯನ್ನು ಈಗ ನಾವೆಲ್ಲ ಅಕ್ಕ ಎನ್ನುತ್ತೇವೆ. ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಕಳೆದ ವಾರ ಒಂದು ಮಗು ಒಳಗೆ ಬರುತ್ತೇನೆಂದು ಹಟ ಮಾಡಿದಾಗ ಅಕ್ಕ ಬಾಗಿಲಲ್ಲಿ, "ಬೇಡ ಬಂಗಾರ, ಹಿಂದೆ ಒಂದು ಮಗು ಏನೋ ಮುಟ್ಟಿಬಿಟ್ಟಿತ್ತು" ಎಂದು ಸಮಾಧಾನ ಮಾಡುತ್ತಿದ್ದರು. ಬಾಗಿಲ ಈಚೆ ನಾನು ಕೂತಿದ್ದೆ. ನಾಚಿಕೆಯಿಂದ ಕಿವಿ ಸುಟ್ಟಿತು. ನನ್ನ ಸುಳ್ಳನ್ನು ಈ ಹೆಂಗಸು ಇಪ್ಪತ್ತೇಳು ವರ್ಷದಿಂದ ನಿಜವೆಂದು ನಂಬಿ ಮಕ್ಕಳಿಗೆ ಹೇಳುತ್ತಿದ್ದಾರಲ್ಲ! ಅಕ್ಕಾ, ಮಗು ಮುಟ್ಟಿರಲಿಲ್ಲ. ಅದರ ಕೈ ಕೊನೆಯವರೆಗೂ ಬೆನ್ನ ಹಿಂದೆಯೇ ಇತ್ತು. ಆ ಹುಡುಗಿಗೆ ಈಗ ಮೂವತ್ತನಾಲ್ಕು ಆಗಿರಬೇಕು. ಎಲ್ಲಿದ್ದಾಳೋ ಗೊತ್ತಿಲ್ಲ. ಕ್ಷಮೆ ಕೇಳುವುದಕ್ಕೂ ನನ್ನ ಬಳಿ ವಿಳಾಸವಿಲ್ಲ.

ಅಧ್ಯಕ್ಷರೇ, ಇದನ್ನೆಲ್ಲ ಬರೆದು ಸಹಿ ಹಾಕಿ ತಂದಿದ್ದೇನೆ. ಇದೋ, ಈ ಲಕೋಟೆ. ಆ ಹಳೆಯ ವರದಿಯನ್ನು ತಿದ್ದಿ, ಸನ್ಮಾನಪತ್ರದ ಆ ಸಾಲನ್ನು ಹೊಡೆದು ಹಾಕಿ. ಶಿಕ್ಷೆ ಏನಿದ್ದರೂ ನನಗಿರಲಿ. ವಿಮಾನ ನಿಂತಿರುವಾಗ ಆ ಬಾಗಿಲನ್ನು ಮಾತ್ರ ಮಕ್ಕಳಿಗೆ ತೆರೆಯಿರಿ. ನಾಳೆ ಬೆಳಿಗ್ಗೆ ನನ್ನ ಕೊನೆಯ ಹಾರಾಟ, ಮುಂದಿನ ಸಾಲಿನ ಈ ಮಕ್ಕಳೆಲ್ಲ ಅದರಲ್ಲಿ ಬರುತ್ತಿದ್ದಾರೆ. ನಾಳೆಯಿಂದಲೇ ಆಗಬಹುದೇ?

ಅಧ್ಯಕ್ಷರು ತಲೆಯಾಡಿಸುತ್ತಿದ್ದಾರೆ. ಸೊಳ್ಳೆ ಕಚ್ಚಿದ್ದಕ್ಕಲ್ಲ ತಾನೆ, ಸ್ವಾಮಿ? ಇನ್ನೊಮ್ಮೆ ಆಡಿಸಿದರು! ಸಭೆಯೇ ಸಾಕ್ಷಿ. ಚಪ್ಪಾಳೆ ನನಗೆ ಬೇಡ, ಅವರಿಗೆ ತಟ್ಟಿ. ಅಕ್ಕಾ, ನೀವು ಕಣ್ಣು ಒರೆಸಿಕೊಳ್ಳಿ. ನಾಳೆ ಬಾಗಿಲು ತೆರೆಯಬೇಕಾದವರು ನೀವೇ.

ಮಕ್ಕಳೇ, ಅರ್ಧ ಗಂಟೆ ಮುಂಚೆ ಬನ್ನಿ. ಒಬ್ಬೊಬ್ಬರೇ ಒಳಗೆ ಬಂದು ನನ್ನ ಸೀಟಿನಲ್ಲಿ ಕೂತುಕೊಳ್ಳಿ. ಏನು ಬೇಕಾದರೂ ಕೇಳಿ. ಕೈ ಮಾತ್ರ ಹಿಂದೆ ಕಟ್ಟಿಕೊಳ್ಳಬೇಡಿ. ನೀವು ಹೋದ ಮೇಲೆ ಪಟ್ಟಿಯನ್ನು ನಾನು ಮೊದಲ ಸಾಲಿನಿಂದ ಓದುತ್ತೇನೆ.

ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ ನನ್ನ ತುಂಬು ಹೃದಯದ ವಂದನೆಗಳು. ನಮಸ್ಕಾರ.