ಬೆಲ್ಲ ತಪ್ಪಿದ ಮೂರು ಸುತ್ತು

ಬನ್ನಿ, ಹತ್ತಿರ ಕೂತ್ಕೊಳ್ಳಿ. ನನ್ನಂಗೆ ಕಥೆ ಹೇಳೋನು ಏಳು ಸೀಮೆ ಹುಡುಕಿದರೂ ಇಲ್ಲ. ನಾನು ಬಾಯಿ ತೆಗೆದರೆ ಹರಿಯೋ ಹೊಳೆ ನಿಂತು ಹೂಂಗುಟ್ಟುತ್ತೆ. ನೀವೂ ಹೂಂ ಅನ್ನಿ. ಹೂಂ ಅಂದವರಿಗೆ ಕೊನೆಗೆ ಒಂದೊಂದು ಚೂರು ಬೆಲ್ಲ. ಮಾತು ಕೊಟ್ಟಿದ್ದೀನಿ.

ಯಾವ ಕಾಲವೋ, ಯಾವ ದೇಶವೋ, ಅಲ್ಲೊಬ್ಬ ರಾಜ. ಅವನಿಗೊಂದು ಕುದುರೆ, ಹೆಸರು ಮಿಂಚುಳ್ಳಿ. ಅದರ ಓಟ ಏನು ಕೇಳ್ತೀರಿ? ಬೆಳಗ್ಗೆ ಅದು ಊರು ಮುಟ್ಟಿದರೆ ಅದರ ನೆರಳು ಸಂಜೆಗೆ ಬಂದು ಸೇರೋದು. ಸುಳ್ಳಲ್ಲ, ನಮ್ಮ ಮುತ್ತಾತ ಆ ನೆರಳಿಗೆ ನೀರು ಕುಡಿಸಿದ್ದ.

ಅಂಥ ಕುದುರೆ ಒಂದು ಯುದ್ಧದಲ್ಲಿ ಕಂದಕಕ್ಕೆ ಬಿತ್ತು. ಬಲಗಡೆಯ ಮುಂಗಾಲು ಊದಿ ಕುಂಬಳಕಾಯಿ ಆಯ್ತು. ನೆಲಕ್ಕೆ ಊರಲೊಲ್ಲದು. ಆ ದೇಶದ ಕಟ್ಟಳೆ ಗೊತ್ತೇನು? ಕುಂಟು ಕುದುರೆಗೆ ಲಾಯವಿಲ್ಲ. ಕೆರೆಯಾಚೆಯ ದಿಬ್ಬ, ಅಲ್ಲೊಂದು ಭರ್ಜಿ.

ಲಾಯದ ಜವರಯ್ಯ ಓಡಿಬಂದು ರಾಜನ ಕಾಲಿಗೆ ಬಿದ್ದ. ಮರಿಯಿಂದ ಅದನ್ನು ಸಾಕಿದವನು ಅವನೇ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಮಾತಾಡಿದರೆ ಅದರ ಜೊತೆಗೇ.

"ಬುದ್ಧಿ, ಮೂರು ತಿಂಗಳು ಕೊಡಿ. ನಡೆಸ್ತೀನಿ."

"ಕೊಟ್ಟೆ. ನನ್ನ ಮುಂದೆ ಮೂರು ಸುತ್ತು ನೆಟ್ಟಗೆ ನಡೆದರೆ ಉಳೀತು. ಇಲ್ಲದಿದ್ದರೆ ದಿಬ್ಬ."

ಜವರಯ್ಯ ಚಾವಟಿ ಮುಟ್ಟಿದವನಲ್ಲ. ಮೊದಲ ತಿಂಗಳು ಹರಳೆಣ್ಣೆ ಸವರಿ, ಹುಣಸೆಸೊಪ್ಪಿನ ಶಾಖ ಕೊಟ್ಟ. ನೋವಿಗೆ ಕುದುರೆ ಕಾಲು ಮುಟ್ಟಿಸಿಕೊಳ್ಳದು. ತಾನಾಗಿ ಕಾಲೆತ್ತಿ ತೋರಿಸಿದರೆ ನಾಲಿಗೆಯಲ್ಲಿ 'ಟಕ್' ಅನ್ನೋನು, ಚೂರು ಬೆಲ್ಲ ತಿನ್ನಿಸೋನು. ಎರಡನೇ ತಿಂಗಳು ಹೊಳೆಗೆ ಇಳಿಸಿದ. ಎದೆಮಟ್ಟ ನೀರಲ್ಲಿ ಮೈಭಾರ ಕಾಲಿಗೆ ಗೊತ್ತಾಗದು. ಒಂದು ಹೆಜ್ಜೆ, ಟಕ್, ಬೆಲ್ಲ. ಮೂರನೇ ತಿಂಗಳು ನೆಲದ ಮೇಲೆ ಬಿದಿರಿನ ಗಳ ಹಾಸಿ ದಾಟಿಸಿದ. ಒಂದು ಬಿದಿರು, ಟಕ್, ಬೆಲ್ಲ. ಟಕ್ ಅಂದಮೇಲೆ ಬೆಲ್ಲ ತಪ್ಪಿಸಿದ್ದು ಒಂದು ದಿನವೂ ಇಲ್ಲ. ಕಾಲು ವಾಸಿಯಾಯ್ತು.

ಗಡುವಿನ ದಿನ ಬಂತು. ಲಾಯದ ಪಾರುಪತ್ತೇಗಾರ ಜವರಯ್ಯನ ಸೊಂಟದ ಗಂಟು ನೋಡಿ ನಕ್ಕ.

"ಏನೋ ಜವರ, ರಾಜರ ಎದುರಿಗೂ ಹಾಲುಗೂಸಿಗೆ ತಿನ್ನಿಸಿದಂಗೆ ಬೆಲ್ಲ ತಿನ್ನಿಸ್ತೀಯಾ? ಲಾಯದ ಮಾನ ತೆಗೀತೀಯ ಕಣೋ!"

ಜವರಯ್ಯನಿಗೆ ನಾಚಿಕೆಯಾಯ್ತು. ಗಂಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಹೋದ.

ಅರಮನೆ ಅಂಗಳ. ಮೊದಲ ಸುತ್ತು ನೆಟ್ಟಗೆ. ಟಕ್. ಮಿಂಚುಳ್ಳಿ ಅವನ ಅಂಗೈ ಮೂಸಿತು. ಬರಿಗೈ. ಎರಡನೇ ಸುತ್ತೂ ನೆಟ್ಟಗೆ. ಟಕ್. ಮತ್ತೆ ಬರಿಗೈ. ಮೂರನೇ ಸುತ್ತು ಅರ್ಧಕ್ಕೆ ನಿಂತಿತು. ತಾನೇನು ತಪ್ಪು ಮಾಡಿದೆ ಅಂದುಕೊಂಡಿತೋ ಆ ಮೂಕಪ್ರಾಣಿ? ಮೊಟ್ಟಮೊದಲು ಯಾವ ಕೆಲಸಕ್ಕೆ ಬೆಲ್ಲ ಸಿಕ್ಕಿತ್ತೋ ಅದನ್ನೇ ಮಾಡಿತು. ವಾಸಿಯಾದ ಕಾಲನ್ನು ಎತ್ತಿ ತೋರಿಸುತ್ತ ನಿಂತಿತು.

"ಇನ್ನೂ ಕುಂಟು," ಅಂದ ರಾಜ.

"ಇಲ್ಲ ಬುದ್ಧಿ! ನಾನು ಬೆಲ್ಲ ಕೊಡಲಿಲ್ಲ, ಅದಕ್ಕೇ..."

ಸಭೆ ಗೊಳ್ಳೆಂದು ನಕ್ಕಿತು. ರಾಜ ಎದ್ದು ಒಳಗೆ ಹೋದ.

ಆಳುಗಳು ಹಗ್ಗ ಎಳೆದರು. ಕುದುರೆ ಕದಲಲಿಲ್ಲ. ಚಾವಟಿ ಎತ್ತಿದರು.

"ಹೊಡೀಬೇಡಿ ಕಣ್ರಪ್ಪಾ, ನಾನೇ ಕರ್ಕೊಂಡು ಬರ್ತೀನಿ," ಅಂದ ಜವರಯ್ಯ. ಗೂಟದ ಗಂಟು ತಂದ. ಯಾರಾದರೂ ನೋಡಲಿ, ಯಾರಾದರೂ ರಾಜನಿಗೆ ಹೇಳಲಿ ಅಂತ ಪೇಟೆ ನಡುವೆಯೇ ನಡೆಸಿದ. ಹೆಜ್ಜೆ, ಟಕ್, ಬೆಲ್ಲ. ಹೆಜ್ಜೆ, ಟಕ್, ಬೆಲ್ಲ. ಮದುವಣಿಗನನ್ನು ಹೊತ್ತಂಗೆ ಕತ್ತೆತ್ತಿ ಹೋಯ್ತು ಮಿಂಚುಳ್ಳಿ.

"ಅಯ್ಯಯ್ಯೋ, ಇದೆಲ್ಲಿ ಕುಂಟುತ್ತೆ?" ಅಂತ ಹೂವಾಡಗಿತ್ತಿಯೊಬ್ಬಳು ಬುಟ್ಟಿ ಬಿಸಾಕಿ ಅರಮನೆಗೆ ಓಡಿದಳು. ರಾಜ ಬರಿಗಾಲಲ್ಲಿ ಓಡಿಬಂದ. ಅವನು ದಿಬ್ಬ ಹತ್ತೋ ಹೊತ್ತಿಗೆ ಭರ್ಜಿಯ ಕೆಲಸ ಮುಗಿದಿತ್ತು. ಕುದುರೆ ಬಾಯಲ್ಲಿ ಬೆಲ್ಲ ಇನ್ನೂ ಕರಗಿರಲಿಲ್ಲ.

"ನನ್ನ ಮುಂದೆ ಯಾಕೋ ನಡೀಲಿಲ್ಲ ಇದು?"

"ಅದು ನಡೀತು ಬುದ್ಧಿ. ಮಾತು ತಪ್ಪಿದವನು ನಾನು."

ಆಮೇಲೆ ಜವರಯ್ಯ ಬದುಕಿರೋತನಕ ನಾಲಿಗೆಯಲ್ಲಿ ಟಕ್ ಅನ್ನಲಿಲ್ಲ.

ಅವನ ಲಾಯ ಬರಿದಾಯ್ತು, ನನ್ನ ಬಾಯಿ ಬರಿದಾಯ್ತು. ಏಳಬೇಡಿ, ಏಳಬೇಡಿ. ಹೂಂ ಅಂದವರೆಲ್ಲ ಕೈ ಚಾಚಿ. ಮೊದಲು ಬೆಲ್ಲ ಇಸ್ಕೊಳ್ಳಿ.